ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಯ ಸಂರಕ್ಷಣೆ

ಬಯಲುಸೀಮೆಯ ಖುಷ್ಕಿ ಗ್ರಾಮಗಳಲ್ಲಿ ಸಂಕ್ರಾಂತಿಯ ವೇಳೆಗೆ ಒಕ್ಕಣೆಯ ಕೆಲಸವು ಮುಗಿದು, ಕಾಳು ಮನೆಯನ್ನೂ ಹುಲ್ಲು ಬಣವೆಯನ್ನೂ ಸೇರಿದ ಮೇಲೆ ಟ್ರ್ಯಾಕ್ಟರು ಕೊಟ್ಟಿಗೆಯನ್ನು ಸೇರುವುದು ಈಗ ವಾಡಿಕೆಯಾಗಿದೆ. ಗೊಬ್ಬರ, ಮಣ್ಣು, ಇಟ್ಟಿಗೆಗಳನ್ನು ಸಾಗಿಸುವ ಬಾಡಿಗೆ ಕೆಲಸವುಳ್ಳವರನ್ನು ಬಿಟ್ಟರೆ, ಮಿಕ್ಕವರ ಯಂತ್ರಗಳು ಜನವರಿಯ ನಡುವಿನಿಂದ ಏಪ್ರಿಲ್ ಕಡೆಯಲ್ಲಿ ಭರಣಿಯ ಮಳೆ ಹುಟ್ಟುವವರೆಗೆ ಹೆಚ್ಚು ಕಡಿಮೆ ನೂರು ದಿವಸ ಅಲುಗದೆ ನಿಲ್ಲುತ್ತವೆ. ಎತ್ತುಗಳನ್ನು ಸಾಕಿದವನಿಗೆ ಕೆಲಸವಿಲ್ಲದ ದಿವಸವೂ ಮೇವಿನ ಚಿಂತೆ ತಪ್ಪದು. ಟ್ರ್ಯಾಕ್ಟರಿಗಾದರೋ ಕೆಲಸವಿಲ್ಲದಾಗ ಖರ್ಚೂ ಇಲ್ಲ, ಚಿಂತೆಯೂ ಇಲ್ಲ ಎಂಬುದು ಅದನ್ನು ಕೊಳ್ಳುವಾಗ ಎಲ್ಲರೂ ಆಡುವ ಮಾತು. ಯಂತ್ರದ ಮಿಕ್ಕ ಭಾಗಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜವೇ. ಬ್ಯಾಟರಿಯ ವಿಷಯದಲ್ಲಿ ಮಾತ್ರ ನಿಜವಲ್ಲ. ಅದು ಎತ್ತಿನಂತೆ, ಕಟ್ಟಿಹಾಕಿದ್ದಲ್ಲಿಯೇ ಅದಕ್ಕೆ ಮೇವು ಬೇಕು. ದುಡಿದು ಕೆಟ್ಟ ಬ್ಯಾಟರಿಗಳಿಗಿಂತ ಸುಮ್ಮನೆ ನಿಂತು ಕೆಟ್ಟ ಬ್ಯಾಟರಿಗಳನ್ನೇ ನಾನು ನನ್ನ ಸರ್ಕೀಟಿನಲ್ಲಿ ಹೆಚ್ಚಾಗಿ ಕಂಡಿದ್ದೇನೆ.

ಈ ಸಂಗತಿಯನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಹೊಲದಿಂದಲೇ ಎಂದು ಒಪ್ಪಿಕೊಳ್ಳಬೇಕಾಗಿದೆ. ಏಳೆಂಟು ವರ್ಷಗಳ ಕೆಳಗೆ, ಊರಿನಲ್ಲಿ ಬೇಸಾಯವನ್ನು ನೋಡಿಕೊಳ್ಳುತ್ತಿರುವ ನಮ್ಮ ಅಣ್ಣನವರು ಎಂದಿನಂತೆ ಟ್ರ್ಯಾಕ್ಟರನ್ನು ಸಂಕ್ರಾಂತಿಗೆ ತೊಳೆಯಿಸಿ, ಪೂಜೆ ಮಾಡಿಸಿ, ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿದ್ದರು. ಭರಣಿಯಲ್ಲಿ ಒಂದು ರಾತ್ರಿ ಚೆನ್ನಾಗಿ ಮಳೆಯಾಯಿತು. ಬೆಳಿಗ್ಗೆ ಹೊಲದಲ್ಲಿ ಹೆಜ್ಜೆ ಊರುವಷ್ಟು ಆರಿದ ಮೇಲೆ ಹೋಗಿ ಕೀಲಿಯನ್ನು ತಿರುಗಿಸಿದರೆ, ಸೆಲ್ಫ್ ಮೋಟಾರಿನಿಂದ ಟಕ್ಕೆಂಬ ಒಂದು ಶಬ್ದ ಮಾತ್ರ ಬಂದು ನಿಂತಿತು. ನೆಲವೆಲ್ಲಾ ಕೆಸರಾಗಿದ್ದುದರಿಂದ ತಳ್ಳಿ ಸ್ಟಾರ್ಟು ಮಾಡುವ ಹಾಗಿರಲಿಲ್ಲ. ಬ್ಯಾಟರಿಯನ್ನು ಮೋಟಾರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದರೆ, ಅದೇ ಮಳೆಗೆ ಅದೇ ಕಾರಣದಿಂದ ಬಂದ ಹತ್ತಾರು ಬ್ಯಾಟರಿಗಳು ಚಾರ್ಜು ಮಾಡುವ ಅಂಗಡಿಯ ಮುಂದೆ ಸಾಲಾಗಿ ಕುಳಿತಿದ್ದುವು. ಬಾಡಿಗೆಗೆ ಬೇರೆ ಟ್ರ್ಯಾಕ್ಟರು ಹಿಡಿಯೋಣವೆಂದರೆ, ಹದವಿರುವ ದಿವಸ ಯಾರ ಟ್ರ್ಯಾಕ್ಟರೂ ಯಾರಿಗೂ ಬಿಡುವಾಗಿರುವುದಿಲ್ಲ. ಮೂರನೆಯ ದಿವಸ ಸಾಯಂಕಾಲ ಬ್ಯಾಟರಿ ಬಂತು. ಅಷ್ಟರಲ್ಲಿ ಕೆಂಪುಮಣ್ಣಿನ ಆ ಹೊಲದ ಹದವು ಗಾಳಿಗೂ ಬಿಸಿಲಿಗೂ ಆರಿಹೋಗಿತ್ತು. ಮುಂದಿನ ಒಳ್ಳೆಯ ಮಳೆ ಐದು ವಾರಗಳ ಮೇಲೆ ಬಂತು. ಆ ವರ್ಷ ಎಳ್ಳೂ ಇಲ್ಲ, ಅಲಸಂದೆಯೂ ಇಲ್ಲ. “ಊರೂರಿಗೆ ಹೋಗಿ ಬುದ್ಧಿ ಹೇಳುತ್ತೀಯಲ್ಲಪ್ಪಾ, ಮನೆಗೆ ಬಂದಾಗ ಈ ಡಬ್ಬದ ಕಡೆಗೂ ಒಂದು ಸಲ ನೋಡಬಾರದಾಗಿತ್ತೇ?” ಎಂದು ಅಣ್ಣನವರು ಕೇಳಿದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಟರಿ ಕೆಟ್ಟರೆ ಕೆಲವು ಸಾವಿರ ರೂಪಾಯಿಗಳ ನಷ್ಟ; ಹದ ತಪ್ಪಿದರೆ ಒಂದು ಬೆಳೆಯೇ ನಷ್ಟ. ಓದುವ ಮಹನೀಯರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಬ್ಯಾಟರಿಯ ಒಳಗೆ ನಡೆಯುವ ಸಂಗತಿ

ಟ್ರ್ಯಾಕ್ಟರು, ಜೀಪು, ಕಾರುಗಳಲ್ಲಿ ಸಾಮಾನ್ಯವಾಗಿರುವುದು ಸೀಸದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬಾತನು ಕಂಡುಹಿಡಿದನು. ಮಾಡುವ ರೀತಿಯು ಎಷ್ಟೋ ಸುಧಾರಿಸಿದ್ದರೂ ಒಳಗಿನ ಧರ್ಮವು ಅಂದಿನದೇ. ಹನ್ನೆರಡು ವೋಲ್ಟಿನ ಪೆಟ್ಟಿಗೆಯಲ್ಲಿ ಆರು ಮನೆಗಳಿವೆ; ಒಂದೊಂದು ಮನೆಯೂ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚಾಗಿ ಕೊಡುತ್ತದೆ. ಪ್ರತಿ ಮನೆಯಲ್ಲಿಯೂ ಎರಡು ಬಗೆಯ ತಗಡುಗಳು ಒಂದರ ಪಕ್ಕದಲ್ಲೊಂದು ನಿಂತು, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಒಂದು ಬಗೆಯ ತಗಡಿನಲ್ಲಿ ರಂಧ್ರರಂಧ್ರವಾದ ಬರಿಯ ಸೀಸವೂ, ಇನ್ನೊಂದರಲ್ಲಿ ಆಮ್ಲಜನಕದೊಡನೆ ಕೂಡಿದ ಕಂದುಬಣ್ಣದ ಸೀಸವೂ ಇರುತ್ತವೆ. ಬ್ಯಾಟರಿಯಿಂದ ವಿದ್ಯುತ್ತನ್ನು ತೆಗೆದುಕೊಂಡಾಗ ಆಮ್ಲದಲ್ಲಿರುವ ಗಂಧಕದ ಅಂಶವು ಎರಡು ತಗಡುಗಳನ್ನೂ ಹಿಡಿದು, ಅವುಗಳ ಮೇಲೆ ಸೀಸದ ಸಲ್ಫೇಟು ಎಂಬ ಬಿಳಿಯ ಪದಾರ್ಥವಾಗುತ್ತದೆ. ಆಮ್ಲವು ತೆಳ್ಳಗಾಗುತ್ತ ನೀರಿಗೆ ಸಮೀಪವಾಗುತ್ತದೆ. ತಿರುಗಿ ಚಾರ್ಜು ಮಾಡಿದರೆ ಆ ಸಲ್ಫೇಟು ಕರಗಿ ಗಂಧಕವು ಆಮ್ಲಕ್ಕೆ ಹಿಂದಿರುಗುತ್ತದೆ. ಬ್ಯಾಟರಿಯ ವ್ಯಾಪಾರವೆಲ್ಲಾ ಇಷ್ಟೇ.

ಕೇಡು ಇರುವುದು ಇಲ್ಲಿ. ಹೊಸದಾಗಿ ಆದ ಸಲ್ಫೇಟು ಹಿಟ್ಟಿನಂತೆ ನಯವಾಗಿರುತ್ತದೆ, ಸುಲಭವಾಗಿ ಕರಗುತ್ತದೆ. ಅದನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಕಟ್ಟಿ, ತಗಡಿನ ರಂಧ್ರಗಳನ್ನು ಮುಚ್ಚಿ, ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಪೂರ್ತಿಯಾಗಿ ಕರಗುವುದಿಲ್ಲ. ಉತ್ತ ಮಾರನೆಯ ದಿವಸ ಹೆಂಟೆಯು ಕುಂಟೆಗೆ ಪುಡಿಯಾಗುತ್ತದೆ. ಹದಿನೈದು ದಿವಸ ಬಿಸಿಲಿಗೆ ಬಿಟ್ಟ ಎರೆಮಣ್ಣಿನ ಹೆಂಟೆಯು ಕೊಡತಿಗೂ ಬಗ್ಗುವುದಿಲ್ಲ. ಇದೂ ಅದೇ ರೀತಿ. ಆದಕಾರಣ ಅರ್ಧ ಖಾಲಿಯಾದ ಬ್ಯಾಟರಿಯನ್ನು “ಮಳೆ ಬಂದಾಗ ಚಾರ್ಜು ಮಾಡಿಸಿದರಾಯಿತು” ಎಂದು ಮೂಲೆಯಲ್ಲಿಡುವುದು ಶುದ್ಧ ತಪ್ಪು. ಇಡುವ ದಿವಸವೇ ಅದು ತುಂಬಿರಬೇಕು. ಇಟ್ಟಿರುವಷ್ಟು ದಿವಸವೂ ತುಂಬಿರಬೇಕು.

ತುಂಬಿದ್ದುದು ಖಾಲಿಯಾಗುವುದು ಎರಡು ದಾರಿಗಳಿಂದ. ಮೊದಲನೆಯದು ಬ್ಯಾಟರಿಯ ಒಳಗಿನ ಸೋರಿಕೆ. ಯಾವ ವೈರನ್ನೂ ಸೇರಿಸದೆ ಇಟ್ಟರೂ ತಗಡುಗಳು ತಮ್ಮಷ್ಟಕ್ಕೆ ತಾವೇ ಮೆಲ್ಲಗೆ ಸಲ್ಫೇಟಾಗುತ್ತಿರುತ್ತವೆ. ಬಿರಡೆ ತೆಗೆದು ನೀರು ಹಾಕುವ ಹಳೆಯ ಮಾದರಿಯ ಬ್ಯಾಟರಿಗಳಲ್ಲಿ ಈ ಸೋರಿಕೆ ಹೆಚ್ಚು. ನೀರು ಹಾಕಬೇಕಾಗಿಲ್ಲದ ಹೊಸ ಮಾದರಿಗಳಲ್ಲಿ ಕಡಿಮೆ. ಎರಡಕ್ಕೂ ಶತ್ರುವಾದದ್ದು ಶೆಖೆ. ಹತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಶೆಖೆ ಹೆಚ್ಚಿದರೆ ಸೋರಿಕೆಯು ಸುಮಾರು ಎರಡರಷ್ಟಾಗುತ್ತದೆ. ರಾಯಚೂರು, ಕಲಬುರ್ಗಿ ಪ್ರಾಂತಗಳಲ್ಲಿ ಬೇಸಗೆಯ ನೆರಳಿನಲ್ಲಿಯೇ ನಲವತ್ತು ಡಿಗ್ರಿ ದಾಟುವುದುಂಟು; ತಗಡಿನ ಚಪ್ಪರದ ಕೆಳಗೆ ಎಷ್ಟಾದೀತೆಂಬುದನ್ನು ಓದುವವರೇ ಊಹಿಸಬಹುದು.

ಎರಡನೆಯ ದಾರಿಯು ನಾವೇ ಮಾಡಿಕೊಂಡದ್ದು. ಕೀಲಿಯನ್ನು ತೆಗೆದ ಮೇಲೂ ಗಡಿಯಾರ, ದಾರಿ ತೋರಿಸುವ ಸಾಧನ, ಹಾಡಿನ ಪೆಟ್ಟಿಗೆ ಮುಂತಾದುವು ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಟ್ರ್ಯಾಕ್ಟರನ್ನು ಕೊಟ್ಟ ಕಾರ್ಖಾನೆಯವರು ಹಾಕಿದ ವೈರಿಂಗಿನಲ್ಲಿ ಈ ದೋಷವು ಬಹಳ ಇರುವುದಿಲ್ಲ. ಆದರೆ ಮನೆಯ ಹುಡುಗರು ಹಾಡಿನ ಪೆಟ್ಟಿಗೆಗಳನ್ನೂ ಬಣ್ಣದ ದೀಪಗಳನ್ನೂ ತಂದು, ಕೀಲಿಯ ಮೂಲಕ ಸಾಗಬೇಕಾದ ವೈರನ್ನು ನೇರವಾಗಿ ಬ್ಯಾಟರಿಗೇ ಬಿಗಿಯುವುದನ್ನು ಎಲ್ಲ ಕಡೆಗಳಲ್ಲಿಯೂ ನೋಡುತ್ತಿದ್ದೇನೆ. ಹಾಡಿಗೆ ನನ್ನ ಆಕ್ಷೇಪಣೆಯಿಲ್ಲ. ವೈರಿಗೆ ಮಾತ್ರ ಇದೆ. ಇಂಥಾ ಪೆಟ್ಟಿಗೆಯೊಂದು ನಿದ್ರೆಯಲ್ಲಿದ್ದಾಗ 30 ಮಿಲಿ ಆಂಪಿಯರನ್ನು ಎಳೆಯುತ್ತದೆಯೆಂದು ಇಟ್ಟುಕೊಳ್ಳೋಣ. ಇದು ಅತ್ಯಲ್ಪವಾದ ಮೊತ್ತ. ಮುಟ್ಟಿದರೆ ತಿಳಿಯುವುದೂ ಇಲ್ಲ. ಆದರೆ ಇಪ್ಪತ್ತನಾಲ್ಕು ಘಂಟೆಗಳಿಗೆ 0.72 ಆಂಪಿಯರ್-ಘಂಟೆಯಾಯಿತು. ಸಂಕ್ರಾಂತಿಯಿಂದ ಭರಣಿಗೆ ನೂರು ದಿವಸಕ್ಕೆ 72 ಆಂಪಿಯರ್-ಘಂಟೆಯಾಯಿತು. ಟ್ರ್ಯಾಕ್ಟರಿನ ಬ್ಯಾಟರಿಯ ಒಟ್ಟು ಶಕ್ತಿಯೇ 88 ಆಂಪಿಯರ್-ಘಂಟೆ ಅಥವಾ ಅದರ ಆಸುಪಾಸು. ಒಳಗಿನ ಸೋರಿಕೆಯನ್ನೂ ಇದಕ್ಕೆ ಸೇರಿಸಿದರೆ ನಮ್ಮ ಅಣ್ಣನವರ ಸೆಲ್ಫ್ ಮೋಟಾರು ಟಕ್ಕೆಂದು ನಿಂತುದರಲ್ಲಿ ಆಶ್ಚರ್ಯವೇನಿದೆ?

ವಾರಕ್ಕೊಮ್ಮೆ ಸ್ಟಾರ್ಟು ಮಾಡುವ ಪದ್ಧತಿ

ಇದಕ್ಕೆ ಅನೇಕರು ಕಂಡುಕೊಂಡಿರುವ ಉಪಾಯವೆಂದರೆ ವಾರಕ್ಕೊಂದು ಸಲ ಇಂಜಿನನ್ನು ಸ್ಟಾರ್ಟು ಮಾಡಿ ಐದು ನಿಮಿಷ ಓಡಿಸಿ ನಿಲ್ಲಿಸುವುದು. ನನ್ನ ಸರ್ಕಲಿನ ಒಬ್ಬ ದೊಡ್ಡ ಜಮೀನುದಾರರು ಇದನ್ನು ನಿಯಮದಂತೆ ನಡೆಯಿಸುತ್ತಿದ್ದರು. ಪ್ರತಿ ಶುಕ್ರವಾರ ಟ್ರ್ಯಾಕ್ಟರಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಡ್ರೈವರಿನಿಂದ ಸ್ಟಾರ್ಟು ಮಾಡಿಸಿ, ಮಂಗಳಾರತಿ ಮುಗಿಯುವುದರೊಳಗೆ ನಿಲ್ಲಿಸುವರು. ಆದಾಗ್ಯೂ ಎರಡನೆಯ ಬೇಸಗೆಯಲ್ಲಿ ಬ್ಯಾಟರಿ ಕೆಟ್ಟಿತು. “ನಾನು ವಾರವಾರವೂ ತಪ್ಪದೆ ನೋಡಿಕೊಳ್ಳುತ್ತಿದ್ದೆನಲ್ಲಾ ಸ್ವಾಮಿ, ಅಂಗಡಿಯವನು ಕೆಟ್ಟ ಮಾಲನ್ನೇ ಕೊಟ್ಟಿದ್ದಾನೆ” ಎಂದು ಅವರ ದೂರು. ಮಾಲು ಕೆಟ್ಟುದಾಗಿರಲಿಲ್ಲ, ಲೆಕ್ಕ ಕೆಟ್ಟಿತ್ತು.

ಸೆಲ್ಫ್ ಮೋಟಾರು ಇಂಜಿನನ್ನು ತಿರುಗಿಸುವಾಗ 300 ಆಂಪಿಯರಿನಷ್ಟು ಎಳೆಯುತ್ತದೆ. ಐದು ಸೆಕೆಂಡು ತಿರುಗಿದರೆ ಸುಮಾರು 0.42 ಆಂಪಿಯರ್-ಘಂಟೆ ಖರ್ಚು. ಇಂಜಿನು ಮೆಲ್ಲಗೆ ಗುಟುಗುಟಿಸುತ್ತಿರುವಾಗ ಡೈನಮೋ ಬ್ಯಾಟರಿಗೆ ಕೊಡುವುದು ಬಹಳ ಕಡಿಮೆ. ಐದು ಆಂಪಿಯರೆಂದು ಇಟ್ಟುಕೊಂಡರೆ ಐದು ನಿಮಿಷಕ್ಕೆ ಅದೇ 0.42 ಆಂಪಿಯರ್-ಘಂಟೆ. ಎಂದರೆ ಸ್ಟಾರ್ಟು ಮಾಡಲು ಕೊಟ್ಟ ಸಾಲವು ಮಾತ್ರ ತೀರಿತು. ಹಿಂದಿನ ಏಳು ದಿವಸಗಳಲ್ಲಿ ಸೋರಿದ ಐದು ಆಂಪಿಯರ್-ಘಂಟೆ ಹಾಗೆಯೇ ಬಾಕಿ ನಿಂತಿತು. ಬಡ್ಡಿಯನ್ನು ಕಟ್ಟುತ್ತ ಅಸಲು ತೀರಿತೆಂದು ತಿಳಿದಂತಾಯಿತು. ಇಂಜಿನು ತಣ್ಣಗಿದ್ದು ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕಾದರೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಇದರ ಮೇಲೆ ಇಂಜಿನು ಪೂರ್ತಿ ಕಾಯದೆ ನಿಂತರೆ ಹೊಗೆಯೊಡನೆ ಹುಟ್ಟಿದ ನೀರಿನ ಆವಿಯು ಒಳಗೆ ಹನಿಗಟ್ಟಿ ಎಣ್ಣೆಯನ್ನು ಸೇರುತ್ತದೆ. ಓಡಿಸುವುದೇ ಆದರೆ ಒಂದು ಘಂಟೆಗೆ ಕಡಿಮೆಯಿಲ್ಲದಂತೆ ಹೊಲದಲ್ಲಿಯೋ ರಸ್ತೆಯಲ್ಲಿಯೋ ಕೆಲಸ ಕೊಟ್ಟು ಓಡಿಸಬೇಕು. ಕೆಲಸವಿಲ್ಲದಿದ್ದರೆ ಡೀಸೆಲ್ಲು ಸುಡುವುದಕ್ಕಿಂತ ಕೆಳಗೆ ಹೇಳುವ ಕ್ರಮವು ಸುಲಭವೂ ಅಗ್ಗವೂ ಆಗಿದೆ. ಪೂಜೆಯನ್ನು ಬಿಡಬೇಕಾಗಿಲ್ಲ.

ಇಡುವ ಕ್ರಮ

ಒಕ್ಕಣೆ ಮುಗಿದ ದಿವಸವೇ ಬ್ಯಾಟರಿಯನ್ನು ಕಳಚಿ ಚಾರ್ಜು ಮಾಡಿಸುವುದು ಉತ್ತಮ. ಕಳಚುವಾಗ ಮೊದಲು ಋಣ ಟರ್ಮಿನಲ್ಲಿನ, ಎಂದರೆ ಬಾಡಿಗೆ ಕೂಡಿದ ಅರ್ತಿನ ವೈರನ್ನೂ, ಅನಂತರ ಧನ ಟರ್ಮಿನಲ್ಲಿನ ವೈರನ್ನೂ ಬಿಚ್ಚತಕ್ಕದ್ದು. ಸೇರಿಸುವಾಗ ಧನವು ಮೊದಲು, ಋಣವು ಕಡೆಗೆ. ಇದು ಶಾಸ್ತ್ರಕ್ಕಾಗಿ ಹೇಳುವ ಮಾತಲ್ಲ. ಧನದ ನಟ್ಟನ್ನು ತಿರುಗಿಸುತ್ತಿರುವಾಗ ಸ್ಪ್ಯಾನರು ಜಾರಿ ಯಂತ್ರದ ಕಬ್ಬಿಣಕ್ಕೆ ತಗಲಿದರೆ, ಅರ್ತು ಇನ್ನೂ ಕೂಡಿದ್ದ ಪಕ್ಷದಲ್ಲಿ ನೂರಾರು ಆಂಪಿಯರ್ ಆ ಸ್ಪ್ಯಾನರಿನ ಮೂಲಕ ಹರಿದು, ಅದು ಕೆಂಪಗೆ ಕಾಯ್ದು ಕೈಯನ್ನು ಸುಡುತ್ತದೆ. ಅರ್ತನ್ನು ಮೊದಲೇ ತೆಗೆದಿದ್ದರೆ ಏನೂ ಆಗುವುದಿಲ್ಲ. ಬೆರಳಿನ ಉಂಗುರ, ಕೈಯ ಕಡಗಗಳನ್ನು ತೆಗೆದಿಟ್ಟು ಈ ಕೆಲಸಕ್ಕೆ ಕೈಹಾಕುವುದು ಯುಕ್ತ.

ಟರ್ಮಿನಲ್ಲುಗಳ ಮೇಲೆ ಬೆಳೆದಿರುವ ಬಿಳಿ ಅಥವಾ ಹಸಿರು ಬಣ್ಣದ ಬೂಷ್ಟನ್ನು ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರಸಿ, ಒಣಗಿಸಬೇಕು. ಸೋಡಾ ನೀರು ಬಿರಡೆಗಳ ಒಳಕ್ಕೆ ಹೋಗದಂತೆ ಎಚ್ಚರವಿರಲಿ. ಒಣಗಿದ ಮೇಲೆ ವ್ಯಾಸಲೀನನ್ನು ತೆಳ್ಳಗೆ ಸವರಿದರೆ ಬೂಷ್ಟು ಬೇಗನೆ ಬರುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗದ ಧೂಳನ್ನೂ ಒರಸಬೇಕು. ಆಮ್ಲದ ತೇವವನ್ನು ಕುಡಿದ ಧೂಳು ಎರಡು ಟರ್ಮಿನಲ್ಲುಗಳ ನಡುವೆ ಸಣ್ಣ ದಾರಿಯಾಗಿ ಸೋರಿಕೆಗೆ ಕಾರಣವಾಗುತ್ತದೆ.

ಚಾರ್ಜು ಮಾಡುವುದು ನಿಧಾನವಾಗಿರಬೇಕು. ಬ್ಯಾಟರಿಯ ಶಕ್ತಿಯ ಹತ್ತನೆಯ ಒಂದು ಪಾಲಿಗೆ ಮೀರದಂತೆ, ಎಂದರೆ 88 ಆಂಪಿಯರ್-ಘಂಟೆಯ ಬ್ಯಾಟರಿಗೆ ಎಂಟು ಆಂಪಿಯರಿನ ಒಳಗೆ, ಕೊಡುವುದು ಸರಿಯಾದ ಅಳತೆ. ಅರ್ಧ ಖಾಲಿಯಾಗಿದ್ದರೆ 44 ಆಂಪಿಯರ್-ಘಂಟೆ ಬೇಕು. ಎಂಟರಂತೆ ಐದೂವರೆ ಘಂಟೆ. ನಷ್ಟವಾಗುವುದನ್ನು ಸೇರಿಸಿದರೆ ಸುಮಾರು ಏಳು ಘಂಟೆಗಳಾಗುತ್ತವೆ. ಅಂಗಡಿಯವನು ಒಂದೇ ಘಂಟೆಯಲ್ಲಿ ಮಾಡಿಕೊಡುತ್ತೇನೆಂದರೆ ಸಂತೋಷಪಡಬಾರದು. ಹೆಚ್ಚಿನ ಒತ್ತಡದಿಂದ ನುಗ್ಗಿಸಿದ ವಿದ್ಯುತ್ತು ತಗಡನ್ನು ಕಾಯಿಸಿ, ನೀರನ್ನು ಒಡೆದು ಗಾಳಿಯಾಗಿಸುತ್ತದೆಯೇ ಹೊರತು ಒಳಗಿನ ಸಲ್ಫೇಟನ್ನು ಪೂರ್ತಿಯಾಗಿ ಕರಗಿಸುವುದಿಲ್ಲ. ನಾಲ್ಕಾರು ಟ್ರ್ಯಾಕ್ಟರುಗಳಿರುವ ಗ್ರಾಮದಲ್ಲಿ ಮುಖಂಡರು ಮುಂದೆ ಬಿದ್ದು, ತುಂಬಿದೊಡನೆ ತಾನೇ ತಗ್ಗುವ ಚಾರ್ಜರೊಂದನ್ನು ಎಲ್ಲರ ಹಣದಿಂದ ಕೊಂಡಿಟ್ಟುಕೊಂಡರೆ, ಮಳೆಯ ಮಾರನೆಯ ದಿವಸ ತಾಲ್ಲೂಕಿನ ಅಂಗಡಿಯ ಮುಂದೆ ಸರದಿ ಕಾಯುವುದು ತಪ್ಪುತ್ತದೆ.

ಬ್ಯಾಟರಿ ತುಂಬಿತೇ ಇಲ್ಲವೇ ಎಂಬುದನ್ನು ಊಹೆಯಿಂದ ಹೇಳಲಾಗದು, ಅಳೆಯಬೇಕು. ಬಿರಡೆಯುಳ್ಳ ಬ್ಯಾಟರಿಗೆ ಹೈಡ್ರೊಮೀಟರು ಸಾಕು. ಆಮ್ಲವು ನೀರಿಗಿಂತ ಎಷ್ಟು ತೂಕವೆಂಬುದನ್ನು ಅದು ತೋರಿಸುತ್ತದೆ. ತುಂಬಿದ ಬ್ಯಾಟರಿಯಲ್ಲಿ, ಮಾಡಿದವರು ಗೊತ್ತುಮಾಡಿದಂತೆ, 1.240ರಿಂದ 1.280ರವರೆಗೆ ಇರುತ್ತದೆ, 1.150ಕ್ಕೆ ಇಳಿದರೆ ಹೆಚ್ಚು ಕಡಿಮೆ ಖಾಲಿಯೆಂದೇ ತಿಳಿಯಬೇಕು. ಆರು ಮನೆಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ಮನೆಯು ಮಿಕ್ಕವುಗಳಿಗಿಂತ 0.050ರಷ್ಟು ಹಿಂದೆ ಬಿದ್ದಿದ್ದರೆ, ಚಾರ್ಜಿನ ಮೇಲೂ ಹಾಗೆಯೇ ಇದ್ದರೆ, ಆ ಮನೆ ಕೆಟ್ಟಿದೆ; ಒಂದು ಮನೆ ಕೆಟ್ಟ ಬ್ಯಾಟರಿಯನ್ನು ನಂಬಿ ಮಳೆಗಾಲವನ್ನು ಎದುರುನೋಡಬಾರದು. ಬಿರಡೆಯಿಲ್ಲದ ಬ್ಯಾಟರಿಗೆ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರೇ ಗತಿ. ಚಾರ್ಜು ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡತಕ್ಕದ್ದು; ಒಡನೆಯೇ ನೋಡಿದರೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. 12.6 ವೋಲ್ಟು ಅಥವಾ ಮೇಲಿದ್ದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಪಾಲು ಉಳಿದಿದೆಯೆಂದು ಸ್ಥೂಲವಾಗಿ ಹೇಳಬಹುದು. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸುತ್ತಿದೆಯೆಂದು ಸಮಾಧಾನಪಡುವವರು ಬಹಳ ಮಂದಿ. ಅವರ ಬ್ಯಾಟರಿಯು ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ.

ತುಂಬಿದ ಬ್ಯಾಟರಿಯನ್ನು ತಣ್ಣಗಿರುವ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿಡಬೇಕು. ಬಿತ್ತನೆ ಬೀಜದ ಮೂಟೆಗಳ ಪಕ್ಕದಲ್ಲಿಯೂ ಅಡಿಗೆಯ ಒಲೆಯ ಹತ್ತಿರದಲ್ಲಿಯೂ ಕೂಡದು. ಸಿಮೆಂಟಿನ ನೆಲದ ಮೇಲಿಟ್ಟರೆ ನೆಲವು ಬ್ಯಾಟರಿಯನ್ನು ಕುಡಿದುಬಿಡುತ್ತದೆಂದು ಹಲವರು ಹೇಳುವುದುಂಟು. ಮರದ ಪೆಟ್ಟಿಗೆಗಳಲ್ಲಿ ಬ್ಯಾಟರಿ ಬರುತ್ತಿದ್ದ ಕಾಲದಲ್ಲಿ ತೇವದ ನೆಲದಿಂದ ಕೇಡಾಗುತ್ತಿದ್ದಿರಬಹುದು. ಈಗಿನ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳಿಗೆ ಆ ಭಯವಿಲ್ಲ. ಆದರೂ ಹಲಗೆಯೊಂದರ ಮೇಲಿಡುವುದರಿಂದ ನಷ್ಟವೇನೂ ಇಲ್ಲವಾಗಿ ನಾನು ಅದನ್ನು ವಾದಿಸಲು ಹೋಗುವುದಿಲ್ಲ. ತಿಂಗಳಿಗೊಮ್ಮೆ, ಮರೆಯದಂತೆ ಅಮಾವಾಸ್ಯೆಯ ದಿವಸ ಎಂದು ಗೊತ್ತುಮಾಡಿಕೊಂಡು, ಅಳೆದು ಗೋಡೆಯ ಮೇಲೆಯೋ ಪುಸ್ತಕದಲ್ಲಿಯೋ ಬರೆದಿಡಬೇಕು. 12.4ಕ್ಕೆ ಇಳಿದೊಡನೆ ತಿರುಗಿ ಚಾರ್ಜು ಮಾಡಬೇಕು. ಬಯಲುಸೀಮೆಯ ಬೇಸಗೆಯಲ್ಲಿ ನೂರು ದಿವಸಕ್ಕೆ ಎರಡು ಮೂರು ಸಲ ಬೇಕಾದೀತು; ಅದಕ್ಕಿಂತ ಹೆಚ್ಚಿನ ತೊಂದರೆಯಿಲ್ಲ.

ಬ್ಯಾಟರಿಯನ್ನು ಕಳಚಲು ಮನಸ್ಸಿಲ್ಲದವರು ಅರ್ತಿನ ವೈರನ್ನಾದರೂ ಬಿಚ್ಚಿಡಬೇಕು. ಹೊರಗಿನ ಸೋರಿಕೆ ಅಲ್ಲಿಗೆ ನಿಲ್ಲುತ್ತದೆ. ಕಾರುಗಳಲ್ಲಿ ಹೀಗೆ ಮಾಡಿದರೆ ಗಡಿಯಾರವು ಹಿಂದಕ್ಕೆ ಹೋಗುವುದುಂಟು. ಟ್ರ್ಯಾಕ್ಟರಿಗೆ ಅದು ಗಣನೆಯಿಲ್ಲ. ಹೊಲದ ಮನೆಯಲ್ಲಿ ಕರೆಂಟಿನ ಅನುಕೂಲವಿಲ್ಲದವರಿಗೆ ಹತ್ತು ವಾಟಿನ ಸೌರ ಫಲಕವು ಒಳ್ಳೆಯ ಉಪಾಯ. ಒಳ್ಳೆಯ ಬಿಸಿಲಿನಲ್ಲಿ ಅರ್ಧ ಆಂಪಿಯರಿನಂತೆ ದಿವಸಕ್ಕೆ ಐದು ಘಂಟೆ ಕೊಟ್ಟರೂ ಎರಡೂವರೆ ಆಂಪಿಯರ್-ಘಂಟೆಯಾಗುತ್ತದೆ. ಸೋರಿಕೆಗೆ ಅದು ಸಾಕಾಗಿ ಮಿಗುತ್ತದೆ. ಮಿಗುವುದರಿಂದಲೇ ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜು ಕಂಟ್ರೋಲರನ್ನು ಹಾಕತಕ್ಕದ್ದು; ಇಲ್ಲದಿದ್ದರೆ ತುಂಬಿದ ಮೇಲೂ ನುಗ್ಗಿ ನೀರನ್ನು ಒಣಗಿಸುತ್ತದೆ. ಫಲಕವನ್ನು ಚಪ್ಪರದ ಮೇಲೆ ದಕ್ಷಿಣಕ್ಕೆ ವಾಲಿಸಿ ಕಟ್ಟಿ, ಧೂಳು ಒರಸುತ್ತಿದ್ದರೆ ಬೇಸಗೆಯೇ ಬ್ಯಾಟರಿಗೆ ಮೇವು ಹಾಕುತ್ತದೆ.

ನೀರು, ಆಮ್ಲಗಳ ವಿಷಯ

ಬ್ಯಾಟರಿಗೆ ಬೇಕಾದದ್ದು ಭಟ್ಟಿ ಇಳಿಸಿದ ನೀರು ಮಾತ್ರ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಗಳಲ್ಲಿ ಕೊಳವೆ ಬಾವಿಯ ಗಡಸು ನೀರನ್ನು ಚೊಂಬಿನಿಂದ ಹೊಯ್ಯುವುದನ್ನು ಕಂಡು ನಾನು ಎಷ್ಟೋ ಸಲ ಕೈಹಿಡಿದು ತಡೆದಿದ್ದೇನೆ. ಆ ನೀರಿನಲ್ಲಿರುವ ಲವಣಗಳೂ ಕಬ್ಬಿಣದ ಅಂಶವೂ ತಗಡುಗಳನ್ನು ಕೆಡಿಸಿ ಒಳಗಿನ ಸೋರಿಕೆಯನ್ನು ಹೆಚ್ಚಿಸುತ್ತವೆ. ತಗಡುಗಳು ಮುಳುಗದೆ ಕಾಣುತ್ತಿದ್ದರೆ ಅವು ಮುಚ್ಚುವಷ್ಟು ಮಾತ್ರ ಮೊದಲು ಹಾಕಿ, ಗುರುತಿನವರೆಗೆ ತುಂಬುವುದನ್ನು ಚಾರ್ಜಿನ ಮೇಲೆ ಮಾಡಬೇಕು. ಚಾರ್ಜಾಗುವಾಗ ಒಳಗಿನ ದ್ರವವು ಉಬ್ಬುತ್ತದೆ.

ಇನ್ನೊಂದು ಕೆಟ್ಟ ಪದ್ಧತಿಯೆಂದರೆ, ಖಾಲಿಯಾದ ಬ್ಯಾಟರಿಗೆ ಹೊಸ ಆಮ್ಲವನ್ನು ಹಾಕಿಸುವುದು. ಆಮ್ಲ ಹಾಕಿದೊಡನೆ ಹೈಡ್ರೊಮೀಟರಿನ ತೇಲು ಮೇಲಕ್ಕೆ ಏರುತ್ತದೆ. ನೋಡಿದವನು ಬ್ಯಾಟರಿಗೆ ಜೀವ ಬಂತೆಂದು ತಿಳಿಯುತ್ತಾನೆ. ಗಂಧಕವು ತಗಡನ್ನು ಬಿಟ್ಟು ಬಂದಿಲ್ಲ, ಹೊರಗಿನಿಂದ ಇನ್ನಷ್ಟು ಸೇರಿತು ಎಂಬುದು ಆ ಗಾಜಿನ ಕೊಳವೆಗೆ ಹೇಗೆ ತಿಳಿದೀತು? ಹೀಗೆ ಹೆಚ್ಚಾದ ಆಮ್ಲವು ತಗಡುಗಳನ್ನು ತಿಂದುಹಾಕುತ್ತದೆ. ಆಮ್ಲವು ಚೆಲ್ಲಿಹೋಗಿದ್ದರೆ ಹೊರತು ತಿರುಗಿ ಆಮ್ಲ ಹಾಕಬಾರದು. ಸತ್ತ ಬ್ಯಾಟರಿಯನ್ನು ಬದುಕಿಸುವ ಪುಡಿಗಳೆಂದು ಮಾರುವವುಗಳ ಮೇಲೆಯೂ ನನಗೆ ನಂಬಿಕೆಯಿಲ್ಲ.

ಈಗಾಗಲೇ ಖಾಲಿಯಾಗಿ ಕುಳಿತಿರುವ ಬ್ಯಾಟರಿಯನ್ನು ಒಂದು ಸಲ ಪರೀಕ್ಷಿಸಿ ನೋಡಬಹುದು. ಎರಡು ಮೂರು ಆಂಪಿಯರಿನಂತೆ ಬಹು ಮೆಲ್ಲಗೆ ಒಂದೆರಡು ದಿವಸ ಚಾರ್ಜು ಕೊಟ್ಟು, ಕೈಯಿಂದ ಮುಟ್ಟಿ ಬಿಸಿಯಾಗುತ್ತಿಲ್ಲವೆಂದು ನೋಡಿಕೊಂಡು, ಆಮೇಲೆ ಎರಡು ದಿವಸ ಬಿಟ್ಟು ಅಳೆಯಬೇಕು. 12.4ಕ್ಕಿಂತ ಮೇಲೆ ನಿಂತರೆ ಇನ್ನೂ ಕೆಲಸಕ್ಕೆ ಬರುತ್ತದೆ. ಇಲ್ಲವಾದರೆ ಅದನ್ನು ಈಗಲೇ ಬದಲಾಯಿಸುವುದು ಜಾಣತನ. ಮಳೆಯ ದಿವಸ ಬದಲಾಯಿಸುವುದು ಹಾಗಲ್ಲ. ಕೆಟ್ಟ ಬ್ಯಾಟರಿಯನ್ನು ಗುಜರಿಯವರು ಹಿತ್ತಲಿನಲ್ಲಿ ಒಡೆದು ಸೀಸ ಕರಗಿಸಲು ಕೊಡಬಾರದು. ಸೀಸವು ಮಕ್ಕಳಿಗೂ ದನಗಳಿಗೂ ವಿಷ. 2022ರಲ್ಲಿ ಹೊರಟ ಕೇಂದ್ರ ಸರ್ಕಾರದ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊಣೆಯು ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ಕಳೆಯಿಸಿಕೊಳ್ಳುವುದೇ ಸರಿ.

ಎಚ್ಚರಿಕೆಗಳು

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕವೂ ಆಮ್ಲಜನಕವೂ ಹೊರಡುತ್ತವೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೂ ಕಿಡಿ ತಗಲಿದೊಡನೆ ಸಿಡಿಯುತ್ತದೆ. ನನ್ನ ಸರ್ಕಲಿನಲ್ಲಿಯೇ ಒಬ್ಬ ಯುವಕನು, ರಾತ್ರಿ ಕರೆಂಟು ಹೋದಾಗ, ಚಾರ್ಜಿಗಿಟ್ಟ ಬ್ಯಾಟರಿಯಲ್ಲಿ ನೀರೆಷ್ಟಿದೆಯೆಂದು ಬಿರಡೆ ತೆಗೆದು ಬೆಂಕಿಕಡ್ಡಿ ಗೀರಿ ಬಗ್ಗಿ ನೋಡಿದನು. ಪೆಟ್ಟಿಗೆ ಸಿಡಿದು ಆಮ್ಲವು ಮುಖಕ್ಕೆ ಹಾರಿತು. ಅವನ ತಾಯಿ ಯೋಚನೆ ಮಾಡುತ್ತ ನಿಲ್ಲದೆ ತೊಟ್ಟಿಯ ನೀರನ್ನು ಬಿಂದಿಗೆ ಬಿಂದಿಗೆಯಾಗಿ ಕಣ್ಣಿಗೆ ಹೊಯ್ದುದರಿಂದ ದೃಷ್ಟಿ ಉಳಿಯಿತು. ಕಣ್ಣಿಗೆ ಆಮ್ಲ ಬಿದ್ದರೆ ಕಣ್ಣನ್ನು ತೆರೆದು ಹಿಡಿದು, ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬರಿಯ ನೀರನ್ನು ಹೊಯ್ಯುತ್ತಲೇ ಇದ್ದು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಸೋಡಾ, ಎಣ್ಣೆ, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಕೂಡದು. ಚಾರ್ಜಿನ ಕೋಣೆಯಲ್ಲಿ ಬೀಡಿ ಕೂಡದು. ವೈರು ಸೇರಿಸುವುದೂ ತೆಗೆಯುವುದೂ ಚಾರ್ಜರಿನ ಸ್ವಿಚ್ಚು ಆರಿಸಿದ ಮೇಲೆಯೇ.

ತುರ್ತಿನಲ್ಲಿ ಬೇರೆ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಹಾಕಿ ಸ್ಟಾರ್ಟು ಮಾಡುವುದಾದರೆ ಧನಕ್ಕೆ ಧನವನ್ನೇ ಸೇರಿಸಿ, ಋಣದ ವೈರಿನ ಕಡೆಯ ತುದಿಯನ್ನು ನಿಂತ ಯಂತ್ರದ ಬ್ಯಾಟರಿಗೆ ಕೊಡದೆ ಅದರಿಂದ ದೂರವಿರುವ ಇಂಜಿನಿನ ಬರಿಯ ಕಬ್ಬಿಣಕ್ಕೆ ಕೊಡಬೇಕು. ಆಗ ಕಿಡಿ ಹಾರಿದರೂ ಬ್ಯಾಟರಿಯ ಹತ್ತಿರ ಹಾರುವುದಿಲ್ಲ. ಲಾರಿಯ ಇಪ್ಪತ್ತನಾಲ್ಕು ವೋಲ್ಟಿನಿಂದ ಈ ಕೆಲಸ ಮಾಡಕೂಡದು. ಸಾಲ ತಂದ ಬ್ಯಾಟರಿಯಿಂದ ಸ್ಟಾರ್ಟು ಮಾಡಿ, ಇಂಜಿನು ಓಡುತ್ತಿರುವಾಗಲೇ ಅದನ್ನು ಕಳಚಿ ಹಿಂದಕ್ಕೆ ಕೊಡುವ ಪದ್ಧತಿಯು ಹಳ್ಳಿಗಳಲ್ಲಿ ಬಹಳವಾಗಿದೆ. ಹಳೆಯ ಯಂತ್ರಗಳು ಇದನ್ನು ಸಹಿಸಿಕೊಂಡಿರಬಹುದು. ಈಗಿನ ಆಲ್ಟರ್ನೇಟರುಗಳು ಸಹಿಸುವುದಿಲ್ಲ. ಬ್ಯಾಟರಿಯಿಲ್ಲದೆ ಓಡಿದೊಡನೆ ವೋಲ್ಟೇಜು ನೆಗೆದು ಒಳಗಿನ ಡಯೋಡುಗಳು ಸುಟ್ಟುಹೋಗುತ್ತವೆ, ಆ ಖರ್ಚು ಬ್ಯಾಟರಿಯ ಖರ್ಚಿನ ಮೇಲೆ ಬೀಳುತ್ತದೆ.

ಮಲೆನಾಡಿನಲ್ಲಿ ಕಾಲವು ತಿರುಗುಮುರುಗು. ಅಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವುದು ತೋಟದ ಜೀಪು. ಅಲ್ಲಿ ಶೆಖೆಯ ಭಯ ಕಡಿಮೆ, ತೇವದ ಭಯ ಹೆಚ್ಚು. ಟರ್ಮಿನಲ್ಲಿನ ಬೂಷ್ಟನ್ನು ಹದಿನೈದು ದಿವಸಕ್ಕೊಮ್ಮೆ ನೋಡಬೇಕು. ತುಂಗಭದ್ರಾ ಕಾಲುವೆಯ ಕೆಳಗಿನ ಭತ್ತ ಕೊಯ್ಯುವ ದೊಡ್ಡ ಯಂತ್ರಗಳು ಎರಡು ಕೊಯ್ಲುಗಳ ನಡುವೆ ತಿಂಗಳುಗಟ್ಟಲೆ ಬಯಲಿನಲ್ಲಿಯೇ ನಿಲ್ಲುವುದನ್ನು ನೋಡಿದ್ದೇನೆ. ಕೆಲವುಗಳಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಕೆಟ್ಟರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆಯಾದ್ದರಿಂದ ಎರಡನ್ನೂ ಬೇರ್ಪಡಿಸಿ ಒಂದೊಂದಾಗಿ ಅಳೆದು ಚಾರ್ಜು ಮಾಡಬೇಕು.

ನಮ್ಮ ಅಣ್ಣನವರ ಕೊಟ್ಟಿಗೆಯ ಗೋಡೆಯ ಮೇಲೆ ಈಗ ಮಸಿಯಿಂದ ಬರೆದ ಅಂಕಿಗಳ ಸಾಲೊಂದಿದೆ: ತಿಂಗಳು, ವೋಲ್ಟು, ಚಾರ್ಜು ಮಾಡಿದ ದಿನಾಂಕ. ಆಮೇಲೆ ತಂದ ಬ್ಯಾಟರಿಗೆ ಇದು ಐದನೆಯ ವರ್ಷ. ಕಳೆದ ಸಲ ನಾನು ಹೋದಾಗ 12.5 ಎಂದು ಬರೆದಿತ್ತು, ಹೊಲದಲ್ಲಿ ಅಲಸಂದೆ ಹೂ ಬಿಟ್ಟಿತ್ತು.